ನನ್ನ ಕೊಲೆಗಾರ ಬಿಪಿ ಮಾತ್ರೆ ಕೊಡುವುದನ್ನು ಮರೆಯುವುದಿಲ್ಲ

ಥ್ರಿಲ್ಲರ್ ಬರೀತಿದ್ದೀನಿ ಅಂದಾಗ ಎಲ್ಲರೂ ಕೇಳಿದ್ದು ಒಂದೇ, ಕೊಲೆ ಹೇಗೆ ಮಾಡಿಸ್ತೀಯಾ ಅಂತ. ಕೊಲೆ ನನಗೆ ತಲೆನೋವೇ ಆಗಿರಲಿಲ್ಲ. ತಲೆನೋವಾಗಿದ್ದು ಕೊಲೆಗಾರನ ಒಳ್ಳೆಯತನ. ಮುಖ್ಯ ಪಾತ್ರವೇ ಅವನು. ಪುಸ್ತಕದ ತುಂಬ ಅವನೇ ಓಡಾಡಬೇಕು, ಓದುವವರಿಗೆ ಇಷ್ಟ ಆಗಬೇಕು, ಆದರೂ ಅವನು ಮೊದಲಿಂದ ಕೊನೆಯವರೆಗೂ ಕೆಟ್ಟವನಾಗಿಯೇ ಇರಬೇಕು. ನಮ್ಮಲ್ಲಿ ವಿಲನ್ ಅಂದರೆ ಕಣ್ಣ ಮುಂದೆ ಬರುವುದು ವಜ್ರಮುನಿ. ಅವರು ತೆರೆಗೆ ಬಂದ ತಕ್ಷಣ ಇನ್ನೇನೋ ಕಾದಿದೆ ಅಂತ ಗೊತ್ತಾಗಿಬಿಡುತ್ತಿತ್ತು. ನನಗೆ ಬೇಕಾಗಿದ್ದು "ಬಾಪ್ಪಾ, ಕಾಫಿ ಕುಡ್ಕೊಂಡು ಹೋಗು" ಅಂತ ನೀವಾಗೇ ಒಳಗೆ ಕರೆಯುವಂಥ ಮನುಷ್ಯ.

ಅವನಿಗೆ ಸುಮಂತ ಅಂತ ಹೆಸರಿಟ್ಟೆ. ಜಯನಗರ, ಬಸವನಗುಡಿ ಕಡೆ ಹಳೆ ಮನೆಗಳಲ್ಲಿ ಒಂಟಿಯಾಗಿರುವ ಹಿರಿಯರಿಗೆ ಕೆಲಸ ಮಾಡಿಕೊಡುತ್ತಾನೆ. ಕರೆಂಟ್ ಬಿಲ್ಲು, ಮನೆ ಕಂದಾಯ, ನವೆಂಬರ್ ಬಂದರೆ ಪೆನ್ಷನ್‌ಗೆ ಕೊಡುವ ಜೀವಂತ ಪ್ರಮಾಣಪತ್ರ, ಇಂಥವೆಲ್ಲ. ಮಕ್ಕಳು ಅಮೆರಿಕದಲ್ಲಿರುತ್ತಾರೆ, ಮನೆ 40×60 ಸೈಟಿನಲ್ಲಿರುತ್ತದೆ. ಆ ಸೈಟಿನ ಬೆಲೆ ಬೆಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ.

"ಅವನು ತುಂಬ ಆಕರ್ಷಕವಾಗಿದ್ದ" ಅಂತ ಬರೆದರೆ ಯಾರೂ ನಂಬುವುದಿಲ್ಲ. ಗುಳಿಕೆನ್ನೆ, ಇಸ್ತ್ರಿ ಮಾಡಿದ ಶರ್ಟು, ಮುತ್ತಿನಂಥ ನಗು, ಇವೆಲ್ಲ ಸಿನಿಮಾ ಪೋಸ್ಟರ್‌ಗೆ ಸಾಕು. ನಿಜವಾದ ಮೋಡಿ ಇರುವುದು ಗಮನದಲ್ಲಿ. ಸುಮಂತ ಒಂದು ಮನೆಗೆ ಬಂದರೆ ಮೊದಲು ಟ್ಯೂಬ್‌ಲೈಟ್ ಮಿಣುಕುತ್ತಿರುವುದು ಕಾಣುತ್ತದೆ, ಸ್ಟಾರ್ಟರ್ ತಂದು ಹಾಕುತ್ತಾನೆ. ಅಮ್ಮ ಫೋನನ್ನು ದೂರ ಹಿಡಿದು ಓದುತ್ತಿದ್ದರೆ ಅಕ್ಷರ ದೊಡ್ಡದು ಮಾಡಿಕೊಟ್ಟು, ಅದರ ಬಗ್ಗೆ ಒಂದು ಮಾತೂ ಆಡದೆ ಹೊರಡುತ್ತಾನೆ. ಮಂಡ್ಯದ ವಾಚ್‌ಮನ್ ಜೊತೆ ಮಂಡ್ಯದ ಧಾಟಿ, ಬ್ಯಾಂಕಿನಲ್ಲಿ ಧಾರವಾಡದವರು ಕೂತಿದ್ದರೆ "ಹೌದ್ರೀ ಸರ್ರ", ಹೋಟೆಲ್ ಗಲ್ಲಾದಲ್ಲಿ ಕುಂದಾಪುರದವರಿದ್ದರೆ ಅವರ ಕನ್ನಡ. ಇಂಥವರನ್ನು ಈ ಊರಲ್ಲಿ ನೀವೂ ನೋಡಿರುತ್ತೀರಿ, ಅವರಲ್ಲಿ ಬಹುಪಾಲು ಜನ ನಿಜವಾಗಿಯೂ ಒಳ್ಳೆಯವರೇ. ಸುಮಂತ ಯಾವ ಊರಿನವನು ಅಂತ ಮಾತ್ರ ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ.

ಇಲ್ಲಿ ನಾನೊಂದು ನಿಯಮ ಇಟ್ಟುಕೊಂಡಿದ್ದೆ. ಅವನು ಮಾಡುವ ಉಪಕಾರ ಪೂರ್ತಿ ನಿಜವಾಗಿರಬೇಕು. ಅದಕ್ಕೆ ಅವನ ಸಮಯ ಹೋಗಬೇಕು, ದುಡ್ಡು ಹೋಗಬೇಕು, ಕೆಲವು ಸಲ ನಿದ್ದೆಯೂ ಹೋಗಬೇಕು. ಒಳ್ಳೆಯತನದ ನಾಟಕ ಆಡುತ್ತಿದ್ದಾನೆ ಅಂತ ಓದುಗರಿಗೆ ವಾಸನೆ ಬಡಿದರೆ ಮುಗೀತು, ಆಮೇಲೆ ಅವರು ಕಥೆ ಓದುವುದಿಲ್ಲ, ಅವನು ಯಾವಾಗ ಸಿಕ್ಕಿಬೀಳುತ್ತಾನೆ ಅಂತ ಕಾಯುತ್ತಾರೆ ಅಷ್ಟೇ. ಆದರೆ ನಿಜವಾದ ಉಪಕಾರ ಮಾಡುವವನು ಕೆಟ್ಟವನಾಗುವುದು ಹೇಗೆ? ಉತ್ತರ ನನಗೆ ಸಿಕ್ಕಿದ್ದು ಆಸ್ತಿ ಕಾಗದಗಳಲ್ಲಿ.

ಒಬ್ಬ ವಕೀಲ ಗೆಳೆಯನ ಹತ್ತಿರ ಕೂತು ಕೇಳುತ್ತಾ ಹೋದೆ. ಸುಮಂತ ಕೆಲಸ ಮಾಡಿಕೊಡುವ ಹಿರಿಯರಲ್ಲಿ ಒಬ್ಬರು ರುಕ್ಮಿಣಮ್ಮ. ಅವರು ಸುಮಂತನಿಗೆ ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಬರೆದುಕೊಟ್ಟರು ಅಂದುಕೊಳ್ಳೋಣ. ಬರೀ ಜಿಪಿಎಯಿಂದ ಮನೆ ಅವನದಾಗುವುದಿಲ್ಲ, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟವಾಗಿ ಹೇಳಿದೆ. ಅವರ ಪರವಾಗಿ ವ್ಯವಹಾರ ನಡೆಸಬಹುದು, ಅಷ್ಟೇ. ಅದಕ್ಕಿಂತ ಮುಖ್ಯ, ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಅಲ್ಲಿಗೆ ಮುಗಿಯುತ್ತದೆ. ಇದನ್ನು ಕೇಳಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅಂದರೆ ಜಿಪಿಎ ಕೈಯಲ್ಲಿರುವವರೆಗೂ ಸುಮಂತನಿಗೆ ರುಕ್ಮಿಣಮ್ಮ ಬದುಕಿರಬೇಕು! ಅವರ ಬಿಪಿ ಮಾತ್ರೆ, ಶುಗರ್ ಟೆಸ್ಟು, ಬಾತ್‌ರೂಮಿನಲ್ಲಿ ಹಿಡಿದುಕೊಳ್ಳೋಕೆ ಕಂಬಿ, ಇದನ್ನೆಲ್ಲ ಅವನಿಗಿಂತ ಚೆನ್ನಾಗಿ ನೋಡಿಕೊಳ್ಳುವವರು ಇನ್ಯಾರು? ಅಮೆರಿಕದಲ್ಲಿರುವ ಮಗನಂತೂ ಅಲ್ಲ.

ಅದೇ ವಿಲ್ ಆದರೆ ಲೆಕ್ಕ ತಿರುಗಿಬಿಡುತ್ತದೆ. ವಿಲ್ ಜಾರಿಗೆ ಬರುವುದು ಬರೆದವರು ಹೋದ ಮೇಲೆ, ಮತ್ತು ಉಸಿರಿರುವವರೆಗೂ ಅವರು ಅದನ್ನು ಹರಿದುಹಾಕಿ ಇನ್ನೊಂದು ಬರೆಯಬಹುದು. ಗಿಫ್ಟ್ ಡೀಡ್ (ದಾನಪತ್ರ) ಯಾಕೆ ಮಾಡಿಸಿಕೊಳ್ಳಲಿಲ್ಲ ಅಂತ ಕೇಳುವವರಿಗೂ ಉತ್ತರ ಇದೆ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದೇ ಹೋದರೆ 2007ರ ಹಿರಿಯ ನಾಗರಿಕರ ಕಾಯ್ದೆಯ ಸೆಕ್ಷನ್ 23ರ ಪ್ರಕಾರ ರದ್ದು ಮಾಡಿಸಬಹುದು. ಸುಮಂತ ಇದನ್ನೆಲ್ಲ ಓದಿಕೊಂಡಿರುವವನು. ವಿಲ್‌ಗೆ ಇಬ್ಬರು ಸಾಕ್ಷಿಗಳು ಬೇಕು, ರಿಜಿಸ್ಟರ್ ಮಾಡಿಸುವುದು ಕಡ್ಡಾಯವಲ್ಲ, ಆದರೂ ಮಾಡಿಸುತ್ತಾನೆ. ಸಾಕ್ಷಿಗೆ ಮನೆ ಡಾಕ್ಟರನ್ನೇ ಕರೆದುಕೊಂಡು ಬರುತ್ತಾನೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಫೋಟೊ ತೆಗೆಯುವಾಗ "ಅಮ್ಮಾ, ಸ್ವಲ್ಪ ನಗಿ, ಇದು ಆಧಾರ್ ಫೋಟೊ ಅಲ್ಲ" ಅಂತಾನೆ. ಅವರು ನಕ್ಕೇ ನಗುತ್ತಾರೆ.

ಪುಸ್ತಕದ ನಡುಮಧ್ಯದ ತಿರುವು ಇದೇ. ಮಾರನೇ ದಿನ ಬೆಳಿಗ್ಗೆ ಅವನು ಎಂದಿನಂತೆ ಬರುತ್ತಾನೆ, ಎಂದಿನಂತೆ ಮಾತ್ರೆ ಎಣಿಸಿ ಡಬ್ಬಿಗೆ ಹಾಕುತ್ತಾನೆ. ಒಂದು ಪದವನ್ನೂ ಬದಲಿಸದೆ ಆ ದೃಶ್ಯವನ್ನು ಮೊದಲ ಅಧ್ಯಾಯದಿಂದ ತಂದು ಇಲ್ಲಿ ಇಟ್ಟೆ. ಓದಿದವರಿಗೆ ಬೆನ್ನು ತಣ್ಣಗಾಗುತ್ತದೆ. ನಾನು ಹಿನ್ನೆಲೆ ಸಂಗೀತ ಏನೂ ಹಾಕಬೇಕಾಗಲಿಲ್ಲ.

ರುಕ್ಮಿಣಮ್ಮನನ್ನು ದಡ್ಡಿ ಮಾಡಬಾರದು ಅಂತ ಹಟ ಹಿಡಿದಿದ್ದೆ. ಮೋಸಹೋಗುವವರು ಪೆದ್ದರಾದರೆ ಮೋಸ ಮಾಡುವವನ ಜಾಣತನಕ್ಕೆ ಬೆಲೆ ಎಲ್ಲಿರುತ್ತದೆ? ಅವರು ರಿಟೈರ್ಡ್ ಗಣಿತದ ಮೇಡಂ. ಮನೆ ಅವರೇ ದುಡಿದು ಕಟ್ಟಿಸಿದ್ದು. ಬಿಲ್ಲಿನ ಚಿಲ್ಲರೆಯನ್ನೂ ಎಣಿಸುತ್ತಾರೆ. ಬೇಕಂತಲೇ ₹500 ನೋಟು ಒಂದು ಜಾಸ್ತಿ ಇಟ್ಟು ಅವನನ್ನು ಪರೀಕ್ಷೆ ಮಾಡುತ್ತಾರೆ. ಅವನು ಏನೋ ಲೆಕ್ಕ ಹಾಕುತ್ತಿರಬಹುದು ಅನ್ನುವ ಅನುಮಾನ ಅವರಿಗೆ ಖಂಡಿತ ಇದೆ. ಆದರೂ ದಿನಾ ಸಂಜೆ ಒಬ್ಬರು ಬಂದು ಕೂತು ಅವರ ಹಳೇ ಸ್ಕೂಲಿನ ಕಥೆಯನ್ನು ನಿಜವಾದ ಆಸಕ್ತಿಯಿಂದ ಕೇಳುತ್ತಾರಲ್ಲ, ಅದಕ್ಕೆ ಈ ಬೆಲೆ ಆದೀತು ಅಂತ ತೂಗಿ ನೋಡಿ ನಿರ್ಧಾರ ಮಾಡುತ್ತಾರೆ. ಈ ಪಾತ್ರ ಬರೆಯುವಾಗ ನನಗೆ ಸುಮಂತನಿಗಿಂತ ಆ ಮಗನ ಮೇಲೆ ಜಾಸ್ತಿ ಸಿಟ್ಟು ಬಂದಿತ್ತು.

ಥ್ರಿಲ್ಲರ್ ಅಂದಮೇಲೆ ಗಡುವು ಬೇಕಲ್ವಾ. ಅದನ್ನು ಅವರ ಬಾಯಲ್ಲೇ ಹೇಳಿಸಿದೆ. ಡಿಸೆಂಬರ್, ಅವರೆಕಾಯಿ ಕಾಲ. ಇಬ್ಬರೂ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದಾರೆ. ಸುಮಂತ ಅವರಿಗಿಂತ ಬೇಗ ಹಿತಕುತ್ತಾನೆ. ಆಗ ಅವರು ಸುಮ್ನೆ ಅನ್ನುತ್ತಾರೆ, "ಕ್ರಿಸ್‌ಮಸ್ ರಜಕ್ಕೆ ಮಗ ಬರ್ತಾನಂತೆ ಕಣಪ್ಪಾ, ಬಂದ್ಮೇಲೆ ಕಾಗದಪತ್ರ ಎಲ್ಲಾ ಅವನಿಗೊಂದ್ಸಲ ತೋರಿಸ್ಬೇಕು." ಅವನ ಕೈ ನಿಲ್ಲುವುದಿಲ್ಲ. "ಹೂಂ ಅಮ್ಮಾ, ತೋರಿಸಲೇಬೇಕು" ಅಂತಾನೆ. ಕೈ ನಿಂತಿತು ಅಂತ ಬರೆಯುವ ಆಸೆ ತುಂಬ ಇತ್ತು, ಬಿಟ್ಟೆ.

ಯಾಕೆ ಬಿಟ್ಟೆ ಅಂದರೆ, 1941ರಲ್ಲಿ ಹರ್ವಿ ಕ್ಲೆಕ್ಲಿ ಅನ್ನುವ ಅಮೆರಿಕದ ಮನೋವೈದ್ಯರು ಇಂಥ ಜನರನ್ನು, ಅಂದರೆ ಸೈಕೋಪಾತ್‌ಗಳನ್ನು, ಹತ್ತಿರದಿಂದ ನೋಡಿ ಬರೆದಿದ್ದರು. ಮುಂದೆ ಅವರು ಕೊಟ್ಟ 16 ಲಕ್ಷಣಗಳ ಪಟ್ಟಿಯಲ್ಲಿ ಮೊದಲನೆಯದೇ ಮೇಲ್ನೋಟದ ಮೋಡಿ ಮತ್ತು ಒಳ್ಳೆಯ ಬುದ್ಧಿ. ಗಾಬರಿ ಇಲ್ಲದಿರುವುದೂ ಆ ಪಟ್ಟಿಯಲ್ಲಿದೆ. ನಮ್ಮ ಕಥೆಗಳ ವಿಲನ್‌ಗಳು ಹಣೆ ಬೆವರು ಒರೆಸಿಕೊಳ್ಳುತ್ತಲೇ ಇರುತ್ತಾರೆ ನೋಡಿ. ನನಗೆ ಅದಕ್ಕಿಂತ ಉಪಯೋಗಕ್ಕೆ ಬಂದಿದ್ದು ಕೊನೆಯ ಲಕ್ಷಣ, ಬದುಕಿನಲ್ಲಿ ಯಾವ ಯೋಜನೆಯನ್ನೂ ಹಿಡಿದುಕೊಂಡು ಮುಂದುವರಿಯಲು ಆಗದಿರುವುದು. ಥ್ರಿಲ್ಲರ್ ವಿಲನ್ ಅಂದರೆ ಚದುರಂಗದ ಹಾಗೆ ಹತ್ತು ನಡೆ ಮುಂದೆ ನೋಡುವವನು ಅಂತ ನಾವು ನಂಬಿಕೊಂಡಿದ್ದೇವೆ. ನನ್ನವನಿಗೆ ಬೇಜಾರಾಗುತ್ತದೆ. ಅವನು ಬೀಳುವುದೂ ಅದರಿಂದಲೇ.

ಮನೆ ಕೆಲಸಕ್ಕೆ ಬರುವ ಮಂಜುಳ ಇದ್ದಾಳಲ್ಲ, ಅವಳ ಹತ್ತಿರವೂ ಸುಮಂತ ಅಷ್ಟೇ ಚೆನ್ನಾಗಿ ಮಾತಾಡುತ್ತಿದ್ದ. "ಅಕ್ಕಾ, ಮಗಳ ಎಸ್‌ಎಸ್‌ಎಲ್‌ಸಿ ಓದು ಎಲ್ಲಿಗೆ ಬಂತು" ಅಂತ ತಪ್ಪದೆ ಕೇಳುತ್ತಿದ್ದ, ಹಳೆ ಪ್ರಶ್ನೆಪತ್ರಿಕೆ ತಂದುಕೊಟ್ಟಿದ್ದ. ವಿಲ್ ರಿಜಿಸ್ಟರ್ ಆದ ಮೇಲೆ ಅವನು ಕೇಳುವುದು ನಿಂತಿತು. ಜಗಳ ಇಲ್ಲ, ಬಿರುಸು ಮಾತಿಲ್ಲ. ಅವಳು ಇನ್ನು ಉಪಯೋಗಕ್ಕಿಲ್ಲ, ಅಷ್ಟೇ. ಪೊಲೀಸರಿಗೆ ಕಾಣದ್ದು, ಡಾಕ್ಟರಿಗೆ ಕಾಣದ್ದು ಅವಳಿಗೆ ಕಾಣುತ್ತದೆ: ಈ ಮನುಷ್ಯ ಯಾವ ದಿನದಿಂದ ಬದಲಾದ ಅಂತ ಅವಳು ತಾರೀಖು ಸಮೇತ ಹೇಳಬಲ್ಲಳು.

ಬಾಲ್ಯದಲ್ಲಿ ಅವನಿಗೆ ಏನಾಗಿತ್ತು ಅಂತ ಫ್ಲ್ಯಾಶ್‌ಬ್ಯಾಕ್ ಬೇಕು ಅಂದವರಿದ್ದಾರೆ. ಅಪ್ಪ ಹೊಡೆಯುತ್ತಿದ್ದ, ಅದಕ್ಕೇ ಹೀಗಾದ ಅನ್ನುವ ಸಮಜಾಯಿಷಿ ನನಗೆ ಹಿಡಿಸುವುದಿಲ್ಲ. ಅಪ್ಪನ ಕೈಲಿ ಏಟು ತಿಂದವರು ಎಷ್ಟು ಜನ ಇಲ್ಲ ನಮ್ಮಲ್ಲಿ.

ಕರಡನ್ನು ಮೊದಲು ಓದಿದ್ದು ನಮ್ಮ ಸೋದರತ್ತೆ. ನಾಲ್ಕನೇ ಅಧ್ಯಾಯದ ಹೊತ್ತಿಗೆ ಫೋನ್ ಮಾಡಿ, "ಇಂಥ ಹುಡುಗ ಯಾರಾದ್ರೂ ನಿಜವಾಗ್ಲೂ ಇದಾನೇನೋ, ನನ್ನ ಬ್ಯಾಂಕ್ ಕೆಲ್ಸ ಎಲ್ಲಾ ಬಾಕಿ ಬಿದ್ದಿದೆ" ಅಂದರು. ಪಾತ್ರ ನಿಂತಿದೆ ಅಂತ ಅವತ್ತೇ ಗೊತ್ತಾಯಿತು. ಪೂರ್ತಿ ಓದಿದ ಮೇಲೆ ಸ್ವಲ್ಪ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಕೊನೆಯ ಭಾಗಕ್ಕೆ ಮತ್ತೆ ವಕೀಲ ಗೆಳೆಯನೇ ದಾರಿ ತೋರಿಸಿದ್ದು. ಬೆಂಗಳೂರಿನಲ್ಲಿ ರುಕ್ಮಿಣಮ್ಮನಂಥವರ ವಿಲ್‌ಗೆ ಪ್ರೊಬೇಟ್, ಅಂದರೆ ವಿಲ್ ಸರಿಯಾಗಿದೆ ಅಂತ ಕೋರ್ಟ್ ಕೊಡುವ ಮುದ್ರೆ, ಕಡ್ಡಾಯವಲ್ಲ, ಹಾಗಾಗಿ ಸುಮಂತ ನೇರವಾಗಿ ಖಾತಾ ಬದಲಾವಣೆಗೆ ಅರ್ಜಿ ಹಾಕುತ್ತಾನೆ. ಅವನ ದಾರಿಗೆ ಅಡ್ಡ ಬರುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 25. ಕೊಲೆ ಮಾಡಿದವನು ಕೊಲೆಯಾದವರ ಆಸ್ತಿಗೆ ವಾರಸುದಾರ ಆಗುವಂತಿಲ್ಲ. ಆದರೆ ಕೊಲೆ ಅಂತ ಸಾಬೀತಾಗಬೇಕಲ್ಲ. ಡಾಕ್ಟರು ಹೃದಯಾಘಾತ ಅಂತ ಬರೆದುಕೊಟ್ಟಾಗಿದೆ, ಮಗ ಬರುವಷ್ಟರಲ್ಲಿ ಅಂತ್ಯಕ್ರಿಯೆಯೂ ಆಗಿದೆ. ಉಳಿದಿರುವುದು ಮಂಜುಳಾಳ ಹೇಳಿಕೆ ಒಂದೇ.

ಕೊನೆಯ ಅಧ್ಯಾಯ ನಡೆಯುವುದು ಪೊಲೀಸ್ ಸ್ಟೇಷನ್ನಿನಲ್ಲಿ. ಸುಮಂತ ಅಲ್ಲೂ ಎಲ್ಲರಿಗೂ ಟೀ ತರಿಸಿದ್ದಾನೆ, ಅಲ್ಲಿ ಹೇಳಿಕೆ ಬರೆದುಕೊಳ್ಳುವ ರೈಟರ್ ಊರು ಯಾವುದು ಅಂತ ಕೇಳಿಕೊಂಡಾಗಿದೆ. ಎಡಿಟ್ ಮಾಡಿದವರು ಅವನಿಗೊಂದು ದೊಡ್ಡ ಡೈಲಾಗ್ ಕೊಡಿ, ಜನ ಕಾಯ್ತಿರ್ತಾರೆ ಅಂದರು. ಕೊಡಲಿಲ್ಲ. ಆ ಅಧ್ಯಾಯದಲ್ಲಿ ಮಾತಾಡುವುದೆಲ್ಲ ಮಂಜುಳಾಳೇ, ಅವನಿಗೆ ಒಂದು ಸಾಲೂ ಇಲ್ಲ.