ತೋಟಕ್ಕೆ ದೊಡ್ಡ ಮಡಚುಚಾಕು: ನನ್ನ ಅನುಭವ

ಮಡಚುವ ಚಾಕು ಮಲೆನಾಡಿನ ತೋಟಕ್ಕೆ ಆಗಿಬರುವುದಿಲ್ಲ ಎಂಬ ಮಾತನ್ನು ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರಿಂದ ನಾನು ಸಾಕಷ್ಟು ಕೇಳಿದ್ದೇನೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಲಗಿಗೆ ತುಕ್ಕು, ಕೀಲಿಗೆ ಮಣ್ಣು, ಬೀಗ ಸಡಿಲ, ಆಮೇಲೆ ಅಟ್ಟ. ಈಗ ನನ್ನ ಜೇಬಿನಲ್ಲಿರುವ ಚಾಕು ಐದಾರು ಮಳೆಗಾಲ ದಾಟಿದೆ, ಇನ್ನೂ ದಿನಾ ದುಡಿಯುತ್ತಿದೆ. ಅಲಗು ಸುಮಾರು ಹನ್ನೆರಡು ಸೆಂಟಿಮೀಟರ್, ಸ್ಟೇನ್‌ಲೆಸ್ ಅಲ್ಲದ ಕಾರ್ಬನ್ ಉಕ್ಕು, ಮರದ ಹಿಡಿ, ಬಳೆ ತಿರುಗಿಸಿ ಹಾಕುವ ಬೀಗ. ಫ್ರಾನ್ಸಿನ ಹಳ್ಳಿಗರು ನೂರು ವರ್ಷಕ್ಕೂ ಹಿಂದಿನಿಂದ ಜೇಬಿನಲ್ಲಿಟ್ಟುಕೊಂಡು ಬಂದಿರುವ ಮಾದರಿ ಇದು. ಬೀಗದ ಬಳೆ ಮಾತ್ರ 1955ರಲ್ಲಿ ಸೇರಿದ್ದು.

ಸೊಂಟದ ಕೊಕ್ಕೆಯಲ್ಲಿ ಕತ್ತಿ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಕತ್ತಿಯ ಕೆಲಸ ಕತ್ತಿಯೇ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಿನದ ಸಣ್ಣಪುಟ್ಟ ಕೊಯ್ಯುವ ಕೆಲಸಗಳನ್ನು ಒಮ್ಮೆ ಗಮನಿಸಿ ನೋಡಿ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ತುಂತುರು ನೀರಾವರಿಯ ಪೈಪು ತುಂಡರಿಸುವುದು, ನೈಲಾನ್ ಹಗ್ಗ, ಟಾರ್ಪಾಲು, ಮೆಣಸಿನ ಬಳ್ಳಿ, ಬಾಳೆ ಎಲೆ, ಹಲಸು. ಇವಕ್ಕೆಲ್ಲ ಕತ್ತಿ ಭಾರವೂ ಹೌದು, ಒರಟೂ ಹೌದು. ಸೊಸೈಟಿಗೋ ಬ್ಯಾಂಕಿಗೋ ಮದುವೆ ಮನೆಗೋ ಹೋಗುವಾಗ ಕೊಕ್ಕೆ ಕಟ್ಟಿಕೊಂಡು ಹೋಗಲಾಗುವುದಿಲ್ಲ. ಸಣ್ಣ ಪೆನ್ನುಚಾಕು ಇಟ್ಟುಕೊಂಡರೆ ಹಲಸಿನ ಹಣ್ಣಿನ ಅರ್ಧಕ್ಕೂ ಅದು ಇಳಿಯುವುದಿಲ್ಲ. ನನಗೆ ಬೇಕಾಗಿದ್ದುದು ಇವೆರಡರ ನಡುವಿನದು.

ಅಲ್ಲಿಗೆ ತಲುಪುವ ಮುಂಚೆ ಹಣ ಸಾಕಷ್ಟು ಹೋಯಿತು. ಮೊದಲನೆಯದು ಜಾತ್ರೆಯ ಅಂಗಡಿಯದು, ಮುನ್ನೂರೈವತ್ತರ ಆಸುಪಾಸು. ನೋಡಲು ಭರ್ಜರಿ. ಎರಡು ಇಂಚಿನ ಕಪ್ಪು ಪೈಪನ್ನು ಒತ್ತಿ ಕೊಯ್ಯುವಾಗ ಒಳಗಿನ ತಗಡಿನ ಬೀಗ ಜಾರಿ ಅಲಗು ಬೆರಳಿನ ಮೇಲೆ ಮಡಚಿಕೊಂಡಿತು. ಹೊಲಿಗೆ, ಟಿಟಿ ಇಂಜೆಕ್ಷನ್, ಔಷಧಿ ಎಲ್ಲ ಸೇರಿ ಚಾಕುವಿನ ಬೆಲೆಯ ಮೂರು ಪಟ್ಟು ಖರ್ಚಾಯಿತು. ಬೀಗವಿಲ್ಲದ ಅಥವಾ ಬೀಗ ನಂಬಲಾಗದ ದೊಡ್ಡ ಅಲಗನ್ನು ಯಾರ ಕೈಗೂ ಕೊಡಬಾರದು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಎರಡನೆಯದು ದುಬಾರಿ, ನಾಲ್ಕು ಸಾವಿರಕ್ಕೆ ಸ್ವಲ್ಪ ಕಡಿಮೆ. ಗಟ್ಟಿ ಸ್ಟೇನ್‌ಲೆಸ್ ಉಕ್ಕು, ಹೆಬ್ಬೆರಳಿನಲ್ಲಿ ತಳ್ಳಿದರೆ ತೆರೆಯುವ ಗುಬಟು. ಬೇಸಿಗೆಯಿಡೀ ಚೆನ್ನಾಗಿತ್ತು. ಆರಿದ್ರಾ ಮಳೆ ಹಿಡಿದ ಮೇಲೆ ಹಿಡಿಯ ತಗಡುಗಳ ನಡುವೆ ಕೆಸರು ಸೇರಿ ಬೀಗ ಪೂರ್ತಿ ಕೂರುವುದೇ ನಿಂತಿತು. ಬಿಚ್ಚಿ ತೊಳೆಯಲು ನಕ್ಷತ್ರ ಆಕಾರದ ಸಣ್ಣ ಸ್ಕ್ರೂ ಡ್ರೈವರ್ ಬೇಕು, ಅಷ್ಟರಲ್ಲಿ ಸ್ಕ್ರೂಗಳೇ ತುಕ್ಕು ಹಿಡಿದಿದ್ದವು. ಅದಕ್ಕಿಂತ ದೊಡ್ಡ ತಕರಾರು ಹರಿತದ್ದು. ನಮ್ಮ ಮನೆಯ ಮಸೆಗಲ್ಲಿಗೆ ಆ ಉಕ್ಕು ಬಗ್ಗಲೇ ಇಲ್ಲ. ಬೆಂಗಳೂರಿನ ಅಣ್ಣನ ಮಗನಿಗೆ ಅರ್ಧ ಬೆಲೆಗೆ ಕೊಟ್ಟೆ. ಅವನ ಅಡುಗೆಮನೆಯಲ್ಲಿ ಅದು ಸುಖವಾಗಿದೆ.

ಆಮೇಲೆ ಈಗಿನದನ್ನು ತರಿಸಿದೆ, ಎರಡೂವರೆ ಸಾವಿರದ ಹತ್ತಿರ ಬಿತ್ತು. ತಿರುಗಿಸುವ ಬಳೆಯ ಬೀಗ ನೋಡಿದ ಕೂಡಲೇ ಮನಸ್ಸಿಗೆ ಒಪ್ಪಿತು. ಕೆಸರು ಸೇರಿದರೂ ನೀರಲ್ಲಿ ಅಲುಗಾಡಿಸಿದರೆ ಹೋಗುತ್ತದೆ, ಬಿಚ್ಚುವ ಸ್ಕ್ರೂ ಇಲ್ಲ. ಆದರೆ ತೊಂದರೆ ಎರಡು. ರಾತ್ರಿ ಒದ್ದೆಯಾಗಿ ಇಟ್ಟರೆ ಬೆಳಿಗ್ಗೆ ಅಲಗಿನ ಮೇಲೆ ಕೆಂಪು ಚುಕ್ಕೆ. ಜಡಿಮಳೆಯಲ್ಲಿ ನಾಲ್ಕು ದಿನ ತಿರುಗಿದರೆ ಮರದ ಹಿಡಿ ನೀರು ಕುಡಿದು ಉಬ್ಬಿ, ಅಲಗು ಸೀಳಿನಲ್ಲಿ ಕಚ್ಚಿಕೊಂಡು ಉಗುರಿಗೂ ಬಗ್ಗದು. ಪಕ್ಕದ ತೋಟದ ಹಿರಿಯರು ಅದನ್ನು ಕೈಯಲ್ಲಿ ಹಿಡಿದು ನೋಡಿ, "ಮಾರಾಯ, ಇದು ಪೇಟೆಯವರು ಸೇಬು ಹೆಚ್ಚುವ ಚಾಕು, ಆಟಿ ತಿಂಗಳಿಗೆ ಇದರ ಕತೆ ಮುಗಿಯುತ್ತದೆ" ಎಂದಿದ್ದರು.

ತುಕ್ಕಿಗೆ ದಾರಿ ಸಿಕ್ಕಿದ್ದು ಅಡಿಕೆ ಸುಲಿಯುವ ಚಪ್ಪರದಲ್ಲಿ. ಮೆಟ್ಟುಗತ್ತಿಗಳ ಅಲಗು ನೋಡಿ, ಹಸಿ ಅಡಿಕೆಯ ರಸ ಕುಡಿದು ಕರ್ರಗಾಗಿರುತ್ತವೆ, ಹಾಗಾದ ಕಡೆ ತುಕ್ಕು ಬೇಗ ಹತ್ತುವುದಿಲ್ಲ. ಮಸೆದು ಬೆಳ್ಳಗಾದ ಬಾಯಿಯ ಅಂಚಿಗೇ ಮೊದಲು ಕೆಂಪು ಬರುವುದು. ಅಡಿಕೆಯಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪು ಪದರವಾಗುತ್ತದೆ, ಅದೇ ರಕ್ಷೆ. ಹಾಗಾದರೆ ಅಡಿಕೆ ಬೇಯಿಸಿದ ನೀರಾದ ಚೊಗರಿನಲ್ಲಿ ಚಾಕು ಅದ್ದಿದರೆ ಏನಾದೀತು ಎಂದು ಯೋಚಿಸಿದೆ.

ಮೊದಲು ಬೇರೆ ಹುಳಿಗಳನ್ನೂ ನೋಡಿದ್ದೆ. ವಿನೆಗರ್ ಹಚ್ಚಿದರೆ ಬೂದುಬಣ್ಣ ಬರುತ್ತದೆ, ವಾರಕ್ಕೆ ಮಾಸುತ್ತದೆ. ಗಟ್ಟಿ ಚಹಾ ಡಿಕಾಕ್ಷನ್ ಸ್ವಲ್ಪ ವಾಸಿ. ಹುಳಿಯಾದ ಉಪ್ಪಾಗೆ ಹಣ್ಣಿನ ಸಿಪ್ಪೆ ನೆನೆಸಿದ ನೀರು ಅಲಗನ್ನು ತಿಂದು ಗುಳಿ ಬೀಳಿಸಿತು, ಅದರ ಸುದ್ದಿಗೆ ಹೋಗಬೇಡಿ. ಚೊಗರು ಮಾತ್ರ ಹಿಡಿದದ್ದು ಬಿಡಲಿಲ್ಲ. ಅಲಗಿನ ಎಣ್ಣೆ ಅಂಶವನ್ನು ಸೋಪು ಹಾಕಿ ತೊಳೆದು, ಆಮೇಲೆ ಸ್ಪಿರಿಟ್‌ನಲ್ಲಿ ಒರೆಸಬೇಕು. ಬೆರಳು ತಾಗಿದ ಜಾಗದಲ್ಲಿ ಬಣ್ಣ ಹತ್ತುವುದಿಲ್ಲ. ನಾಲ್ಕೈದು ಹಂಡೆ ಅಡಿಕೆ ಬೇಯಿಸಿದ ಮೇಲೆ ಉಳಿಯುವ ದಪ್ಪ ಚೊಗರನ್ನು ಒಂದು ಡಬ್ಬಿಯಲ್ಲಿ ತೆಗೆದುಕೊಂಡು, ಹಿಡಿ ಮೇಲಿರುವಂತೆ ಅಲಗನ್ನು ಮಾತ್ರ ಅದರಲ್ಲಿ ಇಳಿಬಿಡುತ್ತೇನೆ. ಮೊದಲು ಮಬ್ಬು ಬೂದಿ ಬಣ್ಣ, ಆಮೇಲೆ ನೀಲಿ, ಬೆಳಗಾಗುವಾಗ ನೇರಳೆ ಹಣ್ಣಿನಂಥ ಕಪ್ಪು. ತೆಗೆದು ತೊಳೆದು ಬಟ್ಟೆಯಲ್ಲಿ ಉಜ್ಜಿದರೆ ಮೇಲಿನ ಸಡಿಲ ಮಸಿ ಹೋಗಿ ಕೆಳಗಿನದು ನಿಲ್ಲುತ್ತದೆ. ಹೀಗೆ ಎರಡು ಮೂರು ಸಲ ಮಾಡಬೇಕು. ಚೊಗರಿಗೆ ನಾನು ಇನ್ನೊಂದು ವಸ್ತು ಚಿಟಿಕೆಯಷ್ಟು ಸೇರಿಸುತ್ತೇನೆ, ಅದು ಪ್ರತಿ ಮಲೆನಾಡ ಮನೆಯ ಅಡುಗೆಮನೆಯಲ್ಲೂ ಇದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಹಿಡಿಯ ಉಬ್ಬರಕ್ಕೆ ಎಣ್ಣೆಗಳ ಸಾಲೇ ಮುಗಿಯಿತು. ತೆಂಗಿನ ಎಣ್ಣೆ ಕೆಲವೇ ವಾರದಲ್ಲಿ ಮುಗ್ಗಲು ವಾಸನೆ ಬಂದು ಇರುವೆ ಹತ್ತಿತು. ಹೊಲಿಗೆ ಯಂತ್ರದ ಎಣ್ಣೆ ಒಂದೇ ಮಳೆಗೆ ತೊಳೆದುಹೋಯಿತು. ಬೈಕಿನ ಎಂಜಿನ್ ಎಣ್ಣೆ ನಿಂತಿತು, ಆದರೆ ಆ ಚಾಕುವಿನಲ್ಲಿ ಹೆಚ್ಚಿದ ಬಾಳೆಹಣ್ಣನ್ನು ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಕೊನೆಗೆ ಗೆದ್ದದ್ದು ಮುರುಗಲ (ಕೋಕಂ) ತುಪ್ಪ. ಹಿಮ್ಮಡಿ ಒಡೆದರೆ ಹಚ್ಚಿಕೊಳ್ಳುವ ಅದೇ ಗಟ್ಟಿ ತುಪ್ಪ. ತಣ್ಣಗಿನ ಹವೆಯಲ್ಲಿ ಮೇಣದ ಹಾಗೆ ಗಟ್ಟಿಯಾಗಿ ಕೂರುತ್ತದೆ, ಬಿಸಿ ಮಾಡಿದರೆ ನೀರಾಗಿ ಮರದೊಳಕ್ಕೆ ಇಳಿಯುತ್ತದೆ, ತಿನ್ನುವ ವಸ್ತುವಾದ್ದರಿಂದ ಊಟದ ಕೆಲಸಕ್ಕೂ ಅಡ್ಡಿಯಿಲ್ಲ. ಬೇಸಿಗೆಯಲ್ಲಿ ಹಿಡಿಯನ್ನು ಬಿಸಿಲಿಗೆ ಇಟ್ಟು ಪೂರ್ತಿ ಒಣಗಿಸಿ, ಕರಗಿದ ತುಪ್ಪದಲ್ಲಿ ಅರ್ಧ ದಿನ ಮುಳುಗಿಸಿಟ್ಟೆ. ಆಮೇಲೆ ಮರಳು ಕಾಗದವನ್ನು ಹಳೆಯ ಎಟಿಎಂ ಕಾರ್ಡಿಗೆ ಸುತ್ತಿ ಹಿಡಿಯ ಸೀಳನ್ನು ಒಳಗಿಂದ ಸ್ವಲ್ಪವೇ ಅಗಲಿಸಿದೆ. ಒಂದು ಕಾಗದದ ಹಾಳೆ ಸಲೀಸಾಗಿ ಹೋಗುವಷ್ಟು ಸಾಕು, ಹೆಚ್ಚಾದರೆ ಅಲಗು ಅಲ್ಲಾಡುತ್ತದೆ. ಆ ವರ್ಷ ಪುನರ್ವಸು, ಪುಷ್ಯ ಎರಡೂ ಮಳೆಗಳಲ್ಲಿ ಚಾಕು ಒಂದು ದಿನವೂ ಕಚ್ಚಿಕೊಳ್ಳಲಿಲ್ಲ. ಸೇಬಿನ ಮಾತಾಡಿದ್ದ ಹಿರಿಯರು ಕೈಗೆ ತೆಗೆದುಕೊಂಡು ನಾಲ್ಕು ಸಲ ತೆರೆದು ಮಡಚಿ ನೋಡಿದರು, ಮರುವಾರ ಮಗನ ಚಾಕುವನ್ನು ಕಳಿಸಿಕೊಟ್ಟರು.

ಉಪಯೋಗಗಳಲ್ಲಿ ನನಗೆ ಅತಿ ಹೆಚ್ಚು ಹಣ ಉಳಿಸಿದ್ದು ಕೊಯ್ಯುವ ಕೆಲಸವೇ ಅಲ್ಲ, ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಪರೀಕ್ಷೆ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ನಮ್ಮ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಸಿಂಪಡಣೆ ಹೇಳಿಕೊಟ್ಟಂದಿನಿಂದ ಮೈಲುತುತ್ತ, ಸುಣ್ಣದ ಲೆಕ್ಕ ನಮಗೆ ಬಾಯಿಪಾಠ. ನೂರು ಲೀಟರಿಗೆ ಒಂದೊಂದು ಕಿಲೋ. ಆದರೆ ಸುಣ್ಣ ಒಂದೊಂದು ಲೋಡು ಒಂದೊಂದು ಥರ, ಗಾಳಿ ತಾಗಿ ಸತ್ತ ಸುಣ್ಣ ಬಂದರೆ ಲೆಕ್ಕ ಸರಿಯಿದ್ದೂ ದ್ರಾವಣ ಹುಳಿಯಾಗಿಯೇ ಉಳಿಯುತ್ತದೆ, ಎಳೆಗಾಯಿ, ಸೋಗೆ ಸುಡುತ್ತದೆ. ನನ್ನ ಚಾಕುವಿನ ಮೊನೆಯ ಒಂದಿಂಚನ್ನು ಮಾತ್ರ ಚೊಗರಿಗೆ ಇಳಿಸದೆ, ಬೂದಿ ಹಾಕಿ ತಿಕ್ಕಿ ಬೆಳ್ಳಗೆ ಇಟ್ಟುಕೊಂಡಿದ್ದೇನೆ. ದ್ರಾವಣ ಕದಡಿ ಮೊನೆಯನ್ನು ಒಂದು ನಿಮಿಷದಷ್ಟು ಅದ್ದಿ, ತೆಗೆದು ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಹೊಳಪು ಹಾಗೇ ಇದ್ದರೆ ಸಿಂಪಡಿಸಬಹುದು. ಅಂಚಿನ ಗುಂಟ ತೆಳ್ಳಗೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ತಿಳಿ ಹಾಕಿ, ಮೊನೆ ತಿಕ್ಕಿ, ಮತ್ತೆ ಅದ್ದುತ್ತೇನೆ. ಒಂದು ವರ್ಷ ಮೊದಲ ಡ್ರಮ್ಮಿನಲ್ಲೇ ಹೀಗೆ ಕೆಂಪು ಸಿಕ್ಕಿತು. ಸುಮಾರು ಅರ್ಧ ಕಿಲೋ ಸುಣ್ಣ ಹೆಚ್ಚು ಹಿಡಿಯಿತು. ಅದೇ ಸುಣ್ಣ ತಂದ ಇನ್ನೊಂದು ತೋಟದಲ್ಲಿ ಎಳೆಗಾಯಿ ಉದುರಿದ್ದನ್ನು ನೋಡಿದ್ದೇನೆ. ಸ್ಟೇನ್‌ಲೆಸ್ ಅಲಗಿನಲ್ಲಿ ಈ ಪರೀಕ್ಷೆಯನ್ನು ನಂಬಬೇಡಿ. ಅದ್ದಿದ ಕೂಡಲೇ ತೊಳೆದು ಒರೆಸಿ, ತಡ ಮಾಡಿದರೆ ದ್ರಾವಣ ಉಕ್ಕನ್ನು ತಿನ್ನುತ್ತದೆ. ಔಷಧಿ ಹೊಡೆಯುವ ದಿನಗಳಲ್ಲಿ ಆ ಚಾಕುವಿನಿಂದ ತಿನ್ನುವ ಪದಾರ್ಥ ಮುಟ್ಟುವುದಿಲ್ಲ.

ಮೆಣಸಿನ ಬಳ್ಳಿಗೆ ಬಂದರೆ, ಫೆಬ್ರವರಿ ಮಾರ್ಚಿನಲ್ಲಿ ಹಬ್ಬುಬಳ್ಳಿ ತೆಗೆದು ಎರಡು ಮೂರು ಗೆಣ್ಣಿನ ತುಂಡು ಮಾಡುವಾಗ ಉದ್ದ ಅಲಗಿನ ಬೆಲೆ ಗೊತ್ತಾಗುತ್ತದೆ. ಕತ್ತಿಯಲ್ಲಿ ಜಜ್ಜಿದಂತಾಗುವ ತುದಿ ಇಲ್ಲಿ ಒಂದೇ ಎಳೆತಕ್ಕೆ ನುಣ್ಣಗೆ ಬರುತ್ತದೆ. ಜಜ್ಜಿದ ತುದಿ ಕೊಳೆಯುವುದು ಹೆಚ್ಚು, ನನ್ನ ಚೀಲಗಳಲ್ಲಿ ಚಿಗುರುವ ಪ್ರಮಾಣ ಈಗ ಮೊದಲಿಗಿಂತ ಕಣ್ಣಿಗೆ ಕಾಣುವಷ್ಟು ಮೇಲಿದೆ. ಒಂದು ಬಳ್ಳಿಯಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್ ಬಟ್ಟೆಯಲ್ಲಿ ಅಲಗು ಒರೆಸಿ, ಸೊರಗು ರೋಗವನ್ನು ನಾವೇ ಹೊತ್ತು ತಿರುಗುವುದು ಬೇಡ.

ಹಲಸಿಗೆ ಅಲಗಿಗೂ ಕೀಲಿಗೂ ಮೊದಲೇ ತೆಂಗಿನ ಎಣ್ಣೆ ಹಚ್ಚಬೇಕು. ಕೀಲಿನೊಳಗೆ ಮೇಣ ಹೋಗಿ ಕೂತರೆ ಸೀಮೆಎಣ್ಣೆಯೇ ಗತಿ. ಬಾಳೆಯ ಕುಡಿ ಎಲೆ ಕೊಯ್ಯಲು, ಕಳಲೆಯ ಪದರ ಸೀಳಲು, ಅಡಿಕೆ ಹಾಳೆ ಕತ್ತರಿಸಲು ಇದಕ್ಕಿಂತ ಹಗುರದ ಸಾಧನ ನನಗೆ ಗೊತ್ತಿಲ್ಲ. ಕಾಲಿಗೆ ಹತ್ತಿದ ಉಂಬಳವನ್ನು (ಜಿಗಣೆಯನ್ನು) ಅಲಗಿನ ಬೆನ್ನಿನಿಂದ ಕೆರೆದು ತೆಗೆಯುತ್ತೇನೆ. ಅಡಿಕೆ ಸುಲಿಯಲು, ಸೊಪ್ಪು ಕಡಿಯಲು, ಕಾಯಿ ಒಡೆಯಲು ಇದನ್ನು ಬಳಸಬಾರದು. ಬಡಿಯುವ, ಮೀಟುವ ಕೆಲಸಕ್ಕೆ ಹಾಕಿದರೆ ಯಾವ ಮಡಚುಚಾಕುವಿನ ಕೀಲೂ ನಿಲ್ಲುವುದಿಲ್ಲ.

ಮಸೆಯಲು ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಕಲ್ಲು ಸಾಕು, ಮುನ್ನೂರರಿಂದ ನಾನೂರು ರೂಪಾಯಿ. ನಮ್ಮ ಅಜ್ಜನ ಕಾಲದ, ಬೆಣಚುಕಲ್ಲಿನ ಪುಡಿ ಹಾಕಿ ಉಜ್ಜುವ ಮಸೆಮರವನ್ನೂ ಪ್ರಯತ್ನಿಸಿದೆ. ಕತ್ತಿಗೆ ಅದು ಇಂದಿಗೂ ಸರಿಸಾಟಿ ಇಲ್ಲದ್ದು, ಈ ತೆಳು ಅಲಗಿಗೆ ಮಾತ್ರ ಒರಟಾಯಿತು. ಕೊನೆಯ ನಯಕ್ಕೆ ಚರ್ಮದ ಹಳೆಯ ಬೆಲ್ಟಿನ ಬದಲು ಒಣಗಿದ ಅಡಿಕೆ ಹಾಳೆಯ ಒಳಮುಖದ ಮೇಲೆ ಎಳೆದು ನೋಡಿದ್ದೇನೆ. ಸುಮಾರಾಗಿ ಆಗುತ್ತದೆ, ಬೆಲ್ಟಿನಷ್ಟಲ್ಲ.

ಕಾನೂನಿನ ಬಗ್ಗೆ ಕೇಳುವವರಿಗೆ: ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳು, ಅದರಲ್ಲೂ ಮನೆ ಮತ್ತು ಕೃಷಿ ಕೆಲಸಕ್ಕೆಂದು ಮಾಡಿದವುಗಳಿಗೆ ವಿನಾಯಿತಿ ಇದೆ. ನನ್ನದು ಐದು ಇಂಚನ್ನೂ ಮುಟ್ಟುವುದಿಲ್ಲ. ಹಾಗೆಂದು ಜಾತ್ರೆ, ಸಭೆಗಳ ಗುಂಪಿಗೆ ಒಯ್ಯುವುದಿಲ್ಲ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನ ಹತ್ತುವವರು ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಚೀಲಕ್ಕೆ ಹಾಕಿ.

ಈಗ ನಡೆಯುತ್ತಿರುವುದು ಅಲಗನ್ನೇ ಇಲ್ಲಿ ಮಾಡಿಸುವ ಪ್ರಯತ್ನ. ನಮಗೆ ಕತ್ತಿ ಬಡಿದುಕೊಡುವ ಆಚಾರಿಯವರಿಗೆ ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡು ಕೊಟ್ಟು, ಇದೇ ಹಿಡಿಯ ಅಳತೆಗೆ ಅಲಗು ತಟ್ಟಿಸಿದೆ. ಕೂಲಿ ನಾನೂರರ ಹತ್ತಿರ. ಹರಿತ ಚೆನ್ನಾಗಿ ನಿಲ್ಲುತ್ತದೆ, ಚೊಗರಿನ ಕಪ್ಪು ಮೊದಲಿನದಕ್ಕಿಂತ ಚೆನ್ನಾಗಿ ಹತ್ತಿದೆ. ಬೆನ್ನು ಮಾತ್ರ ನಾಲ್ಕು ಮಿಲಿಮೀಟರಿನ ಹತ್ತಿರ ಉಳಿದು ಹಲಸಿನಲ್ಲಿ ಇಳಿಯಲು ಬಿಗಿಯಾಗುತ್ತಿದೆ. ಎರಡನೆಯದನ್ನು ಎರಡೂವರೆ ಮಿಲಿಮೀಟರಿಗೆ ಇಳಿಸಿ ಕೊಡುವುದಾಗಿ ಹೇಳಿದ್ದಾರೆ, ಹಿಡಿಗೆ ಬಗನಿ (ಬೈನೆ) ಮರದ ತುಂಡನ್ನು ಒಣಗಲು ಅಟ್ಟದ ಮೇಲೆ ಹಾಕಿದ್ದೇನೆ.