ಕಡಿಮೆ ಬಜೆಟ್ಟಲ್ಲಿ ಚೈನ್ ಸಾ ತಗೊಂಡಿದ್ದು, ನನ್ನ ಅನುಭವ

ನಮ್ದು ಕೊಪ್ಪದ ಕಡೆ, ಸ್ವಲ್ಪ ಅಡಿಕೆ ಸ್ವಲ್ಪ ಕಾಫಿ. ಅಡಿಕೆ ಬೇಯಿಸೋ ಒಲೆಗೆ ಸೌದೆ ಬೇಕು, ಮರಗಸಿ (ಕಾಫಿ ತೋಟದ ನೆರಳಿನ ಮರಗಳ ಕೊಂಬೆ ಕಡಿಯೋದು) ಆದ್ಮೇಲೆ ಕೊಂಬೆ ತುಂಡು ಮಾಡ್ಬೇಕು, ಮಳೆಗಾಲದಲ್ಲಿ ಬಿದ್ದ ಮರ ತೆಗೀಬೇಕು. ಒಂದ್ಸಲ ಆರಿದ್ರಾ ಗಾಳೀಲಿ ದೊಡ್ಡ ಹಲಸಿನ ಮರ ತೋಟದ ದಾರಿಗೆ ಅಡ್ಡ ಬಿತ್ತು, ಕೊಯ್ಯೋರಿಗೆ ಫೋನ್ ಮಾಡಿದ್ರೆ ಎಲ್ಲರ ತೋಟದಲ್ಲೂ ಅದೇ ಕಥೆ, ಅವರು ಬರೋಕೆ ಐದು ದಿನ ಆಯ್ತು, ಅಷ್ಟು ದಿನ ಬೋರ್ಡೋಗೆ (ಅಡಿಕೆಗೆ ಹೊಡೆಯೋ ಔಷಧಿ) ಬೇಕಾದ ಸುಣ್ಣ ಮೈಲುತುತ್ತ ಎಲ್ಲ ತಲೆ ಮೇಲೆ ಹೊತ್ಕೊಂಡು ಸುತ್ತಿ ಹೋಗಿದ್ದು. ನಮ್ದೇ ಒಂದು ಮರ ಕೊಯ್ಯೋ ಮಷೀನ್ ಇರ್ಲಿ ಅಂತ ಆವಾಗ್ಲೇ ತೀರ್ಮಾನ ಮಾಡ್ದೆ.

ಕೈಲಿದ್ದಿದ್ದು ಹದಿನೈದು ಸಾವಿರ. ಒಳ್ಳೆ ಕಂಪನಿದು ಹೊಸದು ಇಪ್ಪತ್ತರ ಮೇಲೆ ಹೇಳಿದ್ರು. ಅದಕ್ಕೆ ಮೊದಲು ಒಂದು ಹಳೇ 58 ಸಿಸಿ ಮಷೀನ್, 22 ಇಂಚು ಬಾರಿಂದು (ಬಾರ್ ಅಂದ್ರೆ ಚೈನ್ ಸುತ್ತೋ ಉದ್ದ ಪಟ್ಟಿ), 4,500ಕ್ಕೆ ತಗೊಂಡೆ. ನಾನು ಹೋದಾಗ ಅದು ಆಗ್ಲೇ ಬಿಸಿ ಇತ್ತು, ಒಂದೇ ಎಳೆತಕ್ಕೆ ಸ್ಟಾರ್ಟ್ ಆಯ್ತು, ಖುಷಿಯಾಗಿ ಮನೆಗೆ ತಂದೆ. ಮಾರನೇ ದಿನ ತಣ್ಣಗಿದ್ದಾಗ ಎಳೆದೂ ಎಳೆದೂ ಭುಜ ಬಿದ್ದೋಯ್ತು. ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ರೆ ಪಿಸ್ಟನ್ ಮೇಲೆ ಉದ್ದುದ್ದ ಗೀಟು, ಬೆಕ್ಕು ಪರಚಿದ ಹಾಗೆ. ಪೆಟ್ರೋಲಿಗೆ ಆಯಿಲ್ ಕಮ್ಮಿ ಹಾಕಿ ಓಡ್ಸಿದ್ರೆ ಹಂಗೇ ಆಗೋದು. ಅದನ್ನ ಗುಜರಿ ರೇಟಿಗೆ ಕೊಟ್ಟೆ.

ಎರಡನೇ ಸಲ ಸ್ಟಿಲ್ ಕಂಪನಿಯ ಒಂದು ಹಳೇ ಎಂಎಸ್ 180 ಮಷೀನ್ ನೋಡೋಕೆ ಹೋಗೋ ಮೊದಲೇ ಫೋನಲ್ಲಿ ಹೇಳ್ದೆ, ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ. ಹೋದವನೇ ಸೈಲೆನ್ಸರ್ ಮೇಲೆ ಕೈಯಿಟ್ಟು ನೋಡ್ದೆ, ತಣ್ಣಗಿತ್ತು. ಆಮೇಲೆ ಸ್ಟಾರ್ಟರ್ ಹಿಡಿಕೆ ಹಿಡ್ಕೊಂಡು ಮಷೀನನ್ನ ನಿಧಾನಕ್ಕೆ ಇಳಿಬಿಟ್ಟೆ, ಕಂಪ್ರೆಶನ್ (ಇಂಜಿನ್ನೊಳಗಿನ ಒತ್ತಡ) ಇದ್ರೆ ತಡೆದು ತಡೆದು ಇಳಿಯುತ್ತೆ, ಇಲ್ದಿದ್ರೆ ಸರ್ರಂತ ಜಾರುತ್ತೆ. ಇದು ತಡೀತು. ಸೈಲೆನ್ಸರ್ ಬಿಚ್ಚೋಕೆ ಓನರ್ ಒಪ್ಪಿದ್ರು (ಒಪ್ಪದಿದ್ರೆ ವಾಪಸ್ ಬರ್ತಿದ್ದೆ, ನೀವೂ ಬನ್ನಿ), ಪಿಸ್ಟನ್ ನುಣ್ಣಗೆ ಹೊಳೀತಿತ್ತು. ಸ್ಟಾರ್ಟ್ ಮಾಡಿ ಐಡ್ಲಿಂಗಲ್ಲಿ ಬಿಟ್ಟೆ, ಚೈನ್ ತಿರುಗ್ಲಿಲ್ಲ, ತಿರುಗಲೂಬಾರ್ದು. ರೇಸ್ ಮಾಡಿ ಬ್ರೇಕ್ ತಳ್ಳಿದ್ರೆ ಚೈನ್ ಗಕ್ಕಂತ ನಿಂತೋಯ್ತು, ಇದು ಸರಿಯಿಲ್ದಿದ್ರೆ ಪುಕ್ಕಟೆ ಕೊಟ್ರೂ ಬೇಡ. ಬಾರಿನ ತುದಿಯನ್ನ ಬಿಳಿ ರಟ್ಟಿನ ಹತ್ರ ಹಿಡಿದು ರೇಸ್ ಮಾಡ್ದಾಗ ಆಯಿಲ್ ಗೆರೆ ಬಿತ್ತು, ಅಂದ್ರೆ ಚೈನಿಗೆ ಆಯಿಲ್ ಬಿಡೋ ಪಂಪ್ ಚೆನ್ನಾಗಿದೆ. ಸ್ಪ್ರಾಕೆಟ್ ಮಾತ್ರ ಸವೆದಿತ್ತು, ಅದನ್ನ ತೋರಿಸಿ ಐನೂರು ಇಳಿಸಿ 10,500ಕ್ಕೆ ತಂದೆ.

ಇದರ 31.8 ಸಿಸಿ ಸಾಕಾ ಅಂತ ಎಲ್ರೂ ಕೇಳ್ತಾರೆ. ನಾನು ಕೊಯ್ಯೋದು ಹೆಚ್ಚಾಗಿ ಸಿಲ್ವರ್ ಓಕ್, ಒಣಗಿದ ಅಡಿಕೆ ಮರ, ಒಂದಡಿ ದಪ್ಪದ ಸೌದೆ. ಬಾರ್ ಬಿಟ್ಟು ನಾಲ್ಕು ಕೆಜಿ ಹತ್ರ ತೂಕ, ಇಳಿಜಾರಲ್ಲಿ ಅರ್ಧ ದಿನ ಹಿಡ್ಕೊಂಡು ನಿಂತ್ರೆ ಗೊತ್ತಾಗುತ್ತೆ ಅದರ ಬೆಲೆ. ಇನ್ನೊಂದು ಕಾರಣ, ಇದರ ಡಯಾಫ್ರಾಮ್, ಕ್ಲಚ್, ಚೈನ್ ಎಲ್ಲ ನಮ್ಮ ಪೇಟೇಲೇ ಸಿಗುತ್ತೆ, ರಿಪೇರಿ ಗೊತ್ತಿರೋರೂ ಇದ್ದಾರೆ. ನನ್ನ ಕೇಳಿದ್ರೆ ಸಿಸಿಗಿಂತ ಮೊದಲು ಇದನ್ನೇ ವಿಚಾರಿಸ್ಬೇಕು. ನಿಮ್ಮೂರಲ್ಲಿ ಬೇರೆ ಕಂಪನಿಗೆ ಸರ್ವಿಸ್ ಇದ್ರೆ ಅದನ್ನೇ ತಗೊಳ್ಳಿ.

ಆಮೇಲೆ ಸ್ಪ್ರಾಕೆಟ್, ಇನ್ನೊಂದು ಚೈನ್, 4 ಎಂಎಂ ಅರ, ಹೆಲ್ಮೆಟ್, ಕಾಲಿಗೆ ಕಟ್ಟೋ ಗಾರ್ಡ್ ತಂದೆ. ಗಾರ್ಡ್ ಮಾತ್ರ ಹೊಸದೇ ತಗೊಂಡೆ, ಅದರಲ್ಲಿ ಚೌಕಾಸಿ ಮಾಡ್ಲಿಲ್ಲ. ಅರ ಹಾಕೋದು ಕಲಿಯೋಕೆ ಒಂದು ತಿಂಗಳು ಹಿಡೀತು. ಹಲ್ಲು ಚೂಪಿದ್ರೆ ಚಕ್ಕೆ ಚಕ್ಕೆಯಾಗಿ ಹಾರುತ್ತೆ, ಮೊಂಡಾದ್ರೆ ಹಿಟ್ಟಿನ ಥರ ಪುಡಿ ಉದುರುತ್ತೆ, ಪುಡಿ ಕಂಡ ತಕ್ಷಣ ನಿಲ್ಸಿ ಅರ ಹಾಕ್ತೀನಿ, ಒತ್ತಿ ಕೊಯ್ಯೋಕೆ ಹೋಗಲ್ಲ. ಲೀಟರ್ ಪೆಟ್ರೋಲಿಗೆ 20 ಎಂಎಲ್ ಟೂ ಸ್ಟ್ರೋಕ್ ಆಯಿಲ್, ಸಿರಿಂಜಲ್ಲಿ ಅಳೆದೇ ಹಾಕೋದು. ಈಗಿನ ಎಥನಾಲ್ ಪೆಟ್ರೋಲ್ ನಮ್ಮ ಮಳೆಗಾಲದ ತೇವಕ್ಕೆ ನೀರು ಎಳ್ಕೊಳ್ಳುತ್ತೆ, ಹಾಗಾಗಿ ಕೆಲಸ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಲ್ಲಿ ಉಳಿದಿದ್ದು ಮುಗಿದು ತಾನಾಗೇ ಆಫ್ ಆಗೋವರೆಗೆ ಓಡಿಸಿ ಅಟ್ಟದ ಮೇಲೆ ಇಡ್ತೀನಿ. ಈ ಸಲ ಕೊಯ್ಲು ಶುರುವಾಗೋ ಹೊತ್ತಿಗೆ ಇಳಿಸ್ದೆ, ನಾಲ್ಕನೇ ಎಳೆತಕ್ಕೆ ಹಿಡೀತು.