ಕೆಂಪು ದಾರದ ಗುರುತು: ಬಾಳಿಕೆ ಬರುವ ಸಾಕ್ಸ್ ಹೆಣೆಯಲು ನಾನು ಮಾಡಿದ ಪ್ರಯೋಗಗಳು

ದಿನಕ್ಕೆ ಏಳೆಂಟು ತಾಸು ನಿಂತೇ ಕೆಲಸ ಮಾಡುವವಳು ನಾನು. ಸಾಕ್ಸ್ ನೋಡೋಕೆ ಚೆಂದ ಇದ್ದರೆ ಸಾಲದು, ಬಾಳಿಕೆ ಬರಬೇಕು. ಮೊದಲ ಜೊತೆಯನ್ನು ಬೆಣ್ಣೆಯಂಥ ಮೆತ್ತನೆಯ, ಹುರಿ ಕಡಿಮೆಯಿದ್ದ ಒಂಟಿ ಎಳೆಯ ಉಣ್ಣೆಯಲ್ಲಿ ಹೆಣೆದಿದ್ದೆ. ಎರಡೇ ತಿಂಗಳಿಗೆ ಹಿಮ್ಮಡಿ ಜಾಳಾಯಿತು. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತಿತ್ತು. ಅವತ್ತು ನಿಜಕ್ಕೂ ಅಳು ಬಂತು, ಯಾಕೆಂದರೆ ಒಂದೊಂದು ಸಾಕ್ಸ್‌ನಲ್ಲೂ ಸಾವಿರಾರು ಕುಣಿಕೆ ಇರುತ್ತವೆ.

ಆಮೇಲೆ ಹೊಳೆಯಿತು: ಸಾಕ್ಸ್ ಯಾವಾಗಲೂ ಎರಡು ಇರುತ್ತವೆ ಅಲ್ವಾ? ಒಂದನ್ನು ಹಳೆಯ ರೀತಿಯಲ್ಲಿ, ಇನ್ನೊಂದನ್ನು ಒಂದೇ ಒಂದು ಬದಲಾವಣೆ ಮಾಡಿ ಹೆಣೆದರೆ ಹೋಲಿಸಿ ನೋಡಬಹುದು. ಬದಲಾವಣೆ ಮಾಡಿದ ಸಾಕ್ಸ್‌ನ ಒಳಬದಿಯಲ್ಲಿ, ಮೇಲಂಚಿನ ಹತ್ತಿರ, ಕೆಂಪು ದಾರದ ಒಂದು ಗಂಟು ಹಾಕುತ್ತೇನೆ. ಮಾಮೂಲಿ ಸಾಕ್ಸ್‌ಗೆ ಎಡ ಬಲ ಇಲ್ಲ. ಆದ್ದರಿಂದ ಪ್ರತಿ ಸಲ ಕಾಲು ಬದಲಿಸಿ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ನೀವು ಭಾರ ಹಾಕಿ ನಡೆಯುವ ಕಾಲಿನ ಸಾಕ್ಸ್ ಬೇಗ ಸವೆದು, ತಪ್ಪು ಉತ್ತರ ಸಿಗುತ್ತದೆ. ಎರಡು ಬದಲಾವಣೆ ಒಟ್ಟಿಗೆ ಮಾಡಬೇಡಿ. ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ದಾರದ ವಿಷಯದಲ್ಲಿ ನನಗೆ ಈಗ ಅನುಮಾನವಿಲ್ಲ. 75% ಉಣ್ಣೆ, 25% ನೈಲಾನ್ ಇರುವ, ಮೂರ್ನಾಲ್ಕು ಎಳೆ ಬಿಗಿಯಾಗಿ ಹುರಿ ಹೊಡೆದ ದಾರ. 100 ಗ್ರಾಂ ಉಂಡೆಯಲ್ಲಿ ಸುಮಾರು 400 ಮೀಟರ್ ಇದ್ದರೆ ದೊಡ್ಡವರ ಒಂದು ಜೊತೆಗೆ ಸಾಮಾನ್ಯವಾಗಿ ಸಾಕಾಗುತ್ತದೆ.

ಅಳತೆಯಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಪಾದದ ಸುತ್ತಳತೆಗೆ ಸರಿಯಾಗಿ ಹೆಣೆದುಬಿಡುತ್ತಾರೆ. ಹಾಗೆ ಮಾಡಿದರೆ ಸಾಕ್ಸ್ ಶೂ ಒಳಗೆ ಜಾರುತ್ತದೆ, ಮಡಿಕೆ ಬೀಳುತ್ತದೆ, ಆ ಮಡಿಕೆಯೇ ಉಜ್ಜಿ ತೂತಾಗುತ್ತದೆ. ಸುತ್ತಳತೆಯಲ್ಲಿ ಹತ್ತನೇ ಒಂದು ಭಾಗ ಕಡಿಮೆ ಮಾಡಿ. ನನ್ನ ಪಾದದ ಸುತ್ತಳತೆ 22.5 ಸೆಂ.ಮೀ. ಅದರಲ್ಲಿ ಹತ್ತನೇ ಒಂದು ಭಾಗ ಕಳೆದರೆ ಸುಮಾರು 20. ನನ್ನ ಕೈಯಲ್ಲಿ 2.25 ಮಿ.ಮೀ. ಕಡ್ಡಿಗೆ 10 ಸೆಂ.ಮೀ.ಗೆ 32 ಕುಣಿಕೆ ಬರುತ್ತವೆ. ಹಾಗಾಗಿ 64 ಕುಣಿಕೆ. ನಾಲ್ಕರಿಂದ ಭಾಗವಾಗುವ ಸಂಖ್ಯೆ ಇಟ್ಟುಕೊಂಡರೆ ಎರಡು ಸೀದಾ, ಎರಡು ಉಲ್ಟಾ ರಿಬ್ (ಮೇಲಂಚಿನ ಹಿಗ್ಗುವ ಗೆರೆ ಗೆರೆ ಹೆಣಿಗೆ) ಸರಿಯಾಗಿ ಕೂರುತ್ತದೆ. ಮಾದರಿ ತುಂಡನ್ನು ಸುತ್ತು ಸುತ್ತಾಗಿಯೇ ಹೆಣೆದು, ತೊಳೆದು, ಒಣಗಿಸಿ ಆಮೇಲೆ ಅಳೆಯಿರಿ. ಹಿಂದೆ ಮುಂದೆ ಹೆಣೆದ ತುಂಡಿನ ಬಿಗಿ ಬೇರೆಯೇ ಇರುತ್ತದೆ.

ಮೇಲಂಚು ಬಿಗಿಯಾದರೆ ಸಾಕ್ಸ್ ಹಿಮ್ಮಡಿ ದಾಟುವುದೇ ಇಲ್ಲ. ಮೊದಲು ಇದಕ್ಕೆ ದಪ್ಪ ಕಡ್ಡಿಯಲ್ಲಿ ಮೊದಲ ಸಾಲಿನ ಕುಣಿಕೆ ಏರಿಸಿ ನೋಡಿದೆ. ಕುಣಿಕೆಗಳು ದೊಡ್ಡದಾದವು ಅಷ್ಟೇ, ಅಂಚು ಹಿಗ್ಗಲಿಲ್ಲ. ಹಿಗ್ಗಬೇಕಾದದ್ದು ಕುಣಿಕೆಗಳ ಬುಡದಲ್ಲಿ ಓಡುವ ದಾರ. ಈಗ ಸಣ್ಣ ಕಡ್ಡಿಯಲ್ಲೇ, ಎರಡು ಕುಣಿಕೆಗಳ ನಡುವೆ ಕಡ್ಡಿಯ ದಪ್ಪದಷ್ಟು ಜಾಗ ಬಿಟ್ಟು ಏರಿಸುತ್ತೇನೆ. ಆ ಒಂದು ಬದಲಾವಣೆಗೆ ಅಂಚು ಸಲೀಸಾಯಿತು.

ಇನ್ನು ಹಿಮ್ಮಡಿ. ನನ್ನ ಅರ್ಧಕ್ಕರ್ಧ ಪ್ರಯೋಗ ನಡೆದದ್ದು ಇಲ್ಲೇ. 64ರಲ್ಲಿ 32 ಕುಣಿಕೆಯನ್ನು ಹಿಮ್ಮಡಿ ಪಟ್ಟಿಗೆ ತೆಗೆದುಕೊಂಡು ಹಿಂದೆ ಮುಂದೆ ಹೆಣೆಯುತ್ತೇನೆ. ಸೀದಾ ಬದಿಯ ಸಾಲಿನಲ್ಲಿ ಒಂದು ಕುಣಿಕೆಯನ್ನು ಹೆಣೆಯದೆ ಸುಮ್ನೆ ಜಾರಿಸುವುದು, ಮುಂದಿನದನ್ನು ಹೆಣೆಯುವುದು. ಉಲ್ಟಾ ಬದಿಯಲ್ಲಿ ಮೊದಲನೆಯದನ್ನು ಜಾರಿಸಿ ಉಳಿದದ್ದೆಲ್ಲಾ ಉಲ್ಟಾ. ಜಾರಿಸಿದ ಕುಣಿಕೆಯ ಹಿಂದೆ ದಾರ ಅಡ್ಡ ಹಾಯುತ್ತದೆ. ಒಳಬದಿಯನ್ನು ತಿರುಗಿಸಿ ನೋಡಿ, ಆ ಅಡ್ಡ ದಾರಗಳೇ ಒಂದು ಅಸ್ತರಿಯ ಹಾಗೆ ಕೂತಿರುತ್ತವೆ. ಒಂದರಲ್ಲಿ ಜಾರಿಸಿದ ಕುಣಿಕೆಗಳನ್ನು ಒಂದರ ಮೇಲೊಂದು ಬರುವಂತೆ ಇಟ್ಟೆ. ಕೆಂಪು ದಾರದ್ದರಲ್ಲಿ ಪ್ರತಿ ಸೀದಾ ಸಾಲಿಗೂ ಒಂದು ಕುಣಿಕೆ ಪಕ್ಕಕ್ಕೆ ಸರಿಸಿದೆ. ಮೊದಲನೆಯದು ಉಬ್ಬು ಗೆರೆಗಳಾಗಿ ದಪ್ಪಗೆ ಬಂತು, ಎರಡನೆಯದು ಚಪ್ಪಟೆಯಾಗಿ ಚುಕ್ಕಿ ಚುಕ್ಕಿಯಾಗಿ ಬಂತು. ಬಾಳಿಕೆಯಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಆದರೆ ಬಿಗಿ ಶೂಗೆ ಚಪ್ಪಟೆಯದೇ ಹಿತ.

ಪಟ್ಟಿ 32 ಸಾಲು ಬಂದರೆ ಬದಿಯಲ್ಲಿ 16 ಅಂಚು ಕುಣಿಕೆ ಸಿಗುತ್ತವೆ. ಪಾದದ ಮೇಲ್ಭಾಗ ಎತ್ತರವಾಗಿದ್ದರೆ 36 ಅಥವಾ 40 ಸಾಲು ಹೆಣೆಯಿರಿ. ನನಗೆ 36 ಬೇಕು. 32ರಲ್ಲಿ ಹೆಣೆದಷ್ಟು ದಿನವೂ ಪಾದ ಕಾಲಿಗೆ ಸೇರುವ ಮಡಿಕೆಯಲ್ಲಿ ಕೆಂಪು ಗೆರೆ ಮೂಡುತ್ತಿತ್ತು. ಪಟ್ಟಿ ಮುಗಿದು ಹಿಮ್ಮಡಿ ತಿರುಗಿಸಿದ (ಅಂದರೆ ಹಿಮ್ಮಡಿಯ ಬುಡ ಬಟ್ಟಲಿನಂತೆ ಬಾಗುವ ಹಾಗೆ ಹೆಣೆದ) ಮೇಲೆ ಬದಿಯ ಕುಣಿಕೆ ಎತ್ತುವಾಗ ಮೂಲೆಯಲ್ಲಿ ತೂತು ಬೀಳುವುದು ಎಲ್ಲರ ಗೋಳು. ಅಲ್ಲಿ ಒಂದು ಕುಣಿಕೆ ಜಾಸ್ತಿ ಎತ್ತಿಕೊಂಡು, ಮುಂದಿನ ಸುತ್ತಿನಲ್ಲಿ ಪಕ್ಕದ ಕುಣಿಕೆಯ ಜೊತೆ ತಿರುಚಿ ಸೇರಿಸಿಬಿಡಿ.

ಬೆರಳಿನ ಭಾಗ ಬೇಗ ಮುಗಿಯುತ್ತದೆ. ಸಾಕ್ಸ್ ಪಾದದ ಉದ್ದಕ್ಕಿಂತ 1 ಸೆಂ.ಮೀ. ಗಿಡ್ಡ ಇರಲಿ. ಆ ಉದ್ದಕ್ಕೆ ಇನ್ನು 4.5 ಸೆಂ.ಮೀ. ಉಳಿದಾಗ ಕುಣಿಕೆ ಇಳಿಸಲು, ಅಂದರೆ ಎರಡನ್ನು ಸೇರಿಸಿ ಒಂದು ಮಾಡಲು, ಶುರು ಮಾಡಿ. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ನಾಲ್ಕು ನಾಲ್ಕು ಇಳಿಸುತ್ತಾ 32ಕ್ಕೆ ಬನ್ನಿ, ಆಮೇಲೆ ಪ್ರತಿ ಸುತ್ತಿನಲ್ಲೂ ಇಳಿಸಿ 16ಕ್ಕೆ ನಿಲ್ಲಿಸಿ. ಮೇಲಿನ ಎಂಟು ಕುಣಿಕೆಗೆ ಕೆಳಗಿನ ಎಂಟನ್ನು ಹೊಲಿಗೆ ಸೂಜಿಯಿಂದ, ಹೆಣಿಗೆಯ ದಾರಿಯನ್ನೇ ಹಿಡಿದು ಜೋಡಿಸಿ. ಗಂಟು ಹಾಕಿ ಮುಚ್ಚಿದರೆ ಬೆರಳಿಗೆ ಒತ್ತುತ್ತದೆ.

ತಿಂಗಳಿಗೊಮ್ಮೆ ಸಾಕ್ಸ್ ಒಳಗೆ ಕೈ ತೂರಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಜಾಳಾದ ಕಡೆ ತೂತಾಗುವ ಮೊದಲೇ ಅದೇ ಬಣ್ಣದ ದಾರದಿಂದ ಪ್ರತಿ ಕುಣಿಕೆಯ ಮೇಲೂ ಕುಣಿಕೆಯ ಆಕಾರದಲ್ಲೇ ಹೊಲಿಯಿರಿ. ಹತ್ತು ನಿಮಿಷದ ಕೆಲಸ. ತೂತಾದ ಮೇಲೆ ಅದೇ ಒಂದು ಸಂಜೆ ತಿನ್ನುತ್ತದೆ.

ಸದ್ಯ ನನ್ನ ಕಾಲಲ್ಲಿರುವ ಬೂದು ಬಣ್ಣದ ಜೊತೆಯಲ್ಲಿ, ಕೆಂಪು ದಾರದ ಸಾಕ್ಸ್‌ನ ಅಂಗಾಲನ್ನು ಮಾತ್ರ 2 ಮಿ.ಮೀ. ಕಡ್ಡಿಯಲ್ಲಿ ಹೆಣೆದಿದ್ದೇನೆ. ನಲವತ್ತೊಂದು ಸಲ ಹಾಕಿ ಆಗಿದೆ. ಇನ್ನೊಂದರ ಅಂಗಾಲು, ಹೆಬ್ಬೆರಳಿನ ಬುಡದ ಹತ್ತಿರ, ಈಗಾಗಲೇ ನುಣುಪಾಗಿ ಹೊಳೆಯುತ್ತಿದೆ. ಕೆಂಪು ದಾರದ್ದು ಇನ್ನೂ ಹೊಳೆಯಲು ಶುರುವಾಗಿಲ್ಲ.